ಬಂದರಿನಲ್ಲಿ ಮಾಡಿಸಿದ ಇದ್ದಿಲಿನ ಒಲೆ: ಕಂಬಿಗೆ ಪೋಣಿಸಿದ ಹಂದಿಮಾಂಸಕ್ಕೆ ಎಷ್ಟು ಹೊಂದುತ್ತದೆ?

ಬಾರ್ಬೆಕ್ಯೂ ಗ್ರಿಲ್ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುವ ಮಡಚುವ ಒಲೆಗಳ ದೊಡ್ಡ ಕೊರತೆ ಅವುಗಳ ಆಳದಲ್ಲಿದೆ. ತೆಳು ತಗಡಿನ, ಮೂರು-ನಾಲ್ಕು ಇಂಚು ಆಳದ ಆ ಪೆಟ್ಟಿಗೆಗಳಲ್ಲಿ ಕೆಂಡಕ್ಕೂ ಮಾಂಸಕ್ಕೂ ನಡುವೆ ಅಂತರವೇ ಉಳಿಯುವುದಿಲ್ಲ. ಕೋಳಿಗೆ ಅದು ಹೇಗೋ ಸಾಕಾಗುತ್ತದೆ. ಹಂದಿಮಾಂಸದಲ್ಲಿ ಮಾತ್ರ ಕರಗಿದ ಕೊಬ್ಬು ಕೆಂಡದ ಮೇಲೆ ಬಿದ್ದೊಡನೆ ಜ್ವಾಲೆ ಏಳುವುದರಿಂದ, ಒಳಗೆ ಇನ್ನೂ ಹಸಿಯಾಗಿರುವಾಗಲೇ ಹೊರಮೈ ಕರಕಲಾಗುತ್ತದೆ. ಈ ಕಾರಣಕ್ಕಾಗಿಯೇ ಮಂಗಳೂರಿನ ಬಂದರು ಪ್ರದೇಶದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಅಳತೆ ಕೊಟ್ಟು ಒಲೆಯೊಂದನ್ನು ಮಾಡಿಸಿದೆ. ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಲೆಯ ಉದ್ದ ಎರಡೂವರೆ ಅಡಿ, ಅಗಲ ಒಂದು ಅಡಿ, ಆಳ 8 ಇಂಚು. 3 ಮಿ.ಮೀ. ದಪ್ಪದ ಕಬ್ಬಿಣದ ತಗಡಿನಿಂದ ಮಾಡಿದ್ದಾರೆ. ಬೂದಿ ಕೆಳಗೆ ಬೀಳಲು ತಳದಿಂದ ಒಂದಿಂಚು ಮೇಲೆ ಜಾಲರಿ ಇದೆ, ಕಂಬಿ ಕೂರಿಸಲು ಎರಡೂ ಅಂಚುಗಳಲ್ಲಿ ಕಚ್ಚುಗಳಿವೆ. ಕೆಂಡವನ್ನು ಎರಡೂವರೆ ಇಂಚು ದಪ್ಪಕ್ಕೆ ಹರಡಿದರೂ ಮಾಂಸಕ್ಕೆ ನಾಲ್ಕು ಇಂಚಿಗಿಂತ ಹೆಚ್ಚು ಅಂತರ ಸಿಗುತ್ತದೆ. ಈ ಅಂತರವೇ ಒಲೆಯ ಜೀವಾಳ. ದಪ್ಪ ತಗಡು ಕಾಯಲು ಹೊತ್ತು ಹಿಡಿದರೂ ಒಮ್ಮೆ ಕಾದ ಮೇಲೆ ಗಾಳಿ ಬೀಸಿದಾಗಲೂ ಶಾಖ ಇಳಿಯುವುದಿಲ್ಲ. ಸಂಜೆಯ ಕಡಲಗಾಳಿ ಬಿಡದೆ ಬೀಸುವ ನಮ್ಮ ಊರಿನಲ್ಲಿ ಇದು ಸಣ್ಣ ಲಾಭವಲ್ಲ. ಮಾಡಿಸುವವರು ಒಂದು ಎಚ್ಚರ ವಹಿಸಬೇಕು: ತುಕ್ಕು ಹಿಡಿಯುವುದಿಲ್ಲ ಎಂದು ಸತುವಿನ ಲೇಪವಿರುವ ಜಿ.ಐ. ತಗಡನ್ನು ಆರಿಸಬಾರದು. ಕೆಂಡದ ಶಾಖಕ್ಕೆ ಆ ಲೇಪದಿಂದ ಏಳುವ ಹೊಗೆ ಜ್ವರ, ಚಳಿ ಬರಿಸುವಂಥದ್ದು.

ಇದ್ದಿಲಿನ ವಿಷಯದಲ್ಲಿ ಕರಾವಳಿಯವರು ಅದೃಷ್ಟವಂತರು. ತೆಂಗಿನ ಗೆರಟೆಯ ಇದ್ದಿಲು ಸೌದೆಯ ಇದ್ದಿಲಿಗಿಂತ ಗಟ್ಟಿ. ಹೊತ್ತಿಕೊಳ್ಳಲು ತಡಮಾಡಿದರೂ ಹೊತ್ತಿದ ಮೇಲೆ ಹೆಚ್ಚು ಹೊಗೆಯಿಲ್ಲದೆ ಬಹಳ ಹೊತ್ತು ಒಂದೇ ಸಮನೆ ಉರಿಯುತ್ತದೆ. ಅರೆಬೆಂದ ಗೆರಟೆ ಬೆರೆತಿದ್ದರೆ ಮಾತ್ರ ಕಣ್ಣುರಿಸುವ ಹೊಗೆ ಬರುತ್ತದೆ. ಕೆಂಡದ ಮೇಲೆ ತೆಳ್ಳನೆಯ ಬೂದಿಯ ಪದರ ಕಾಣುವವರೆಗೆ ಕಾಯಬೇಕು. ಎರಡೂವರೆ ಅಡಿ ಉದ್ದವಿರುವುದರಿಂದ ಕೆಂಡವನ್ನು ಒಂದು ಬದಿಗೆ ದಪ್ಪವಾಗಿ, ಇನ್ನೊಂದು ಬದಿಗೆ ವಿರಳವಾಗಿ ಹರಡಲು ಸ್ಥಳವಿದೆ. ಜ್ವಾಲೆ ಎದ್ದಾಗ ಕಂಬಿಗಳನ್ನು ವಿರಳ ಬದಿಗೆ ಸರಿಸಿದರೆ ಸಾಕು, ನೀರು ಚಿಮುಕಿಸಿ ಬೂದಿ ಎಬ್ಬಿಸುವ ಅಗತ್ಯವಿಲ್ಲ.

ಒಲೆಯನ್ನು ಪರೀಕ್ಷಿಸಿದ್ದು ಬಫಾತ್ ಪುಡಿ (ಒಣಮೆಣಸು, ಕೊತ್ತಂಬರಿ ಮುಂತಾದವು ಬೆರೆತ ಮಂಗಳೂರಿನ ಮಸಾಲೆ ಪುಡಿ) ಹಚ್ಚಿದ ಹಂದಿಮಾಂಸದಿಂದ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಸಾನ್ನಾಂ (ಹಬೆಯಲ್ಲಿ ಬೇಯಿಸಿದ ಅಕ್ಕಿಯ ಮೆತ್ತನೆಯ ತಿಂಡಿ) ಜತೆ ಬಡಿಸುವ ಮಾಂಸದ ಸಾರಾದ ಬಫಾತ್‌ಗೆ ಚರ್ಮಸಹಿತ ಮಾಂಸವೇ ಬೇಕು. ಪಾತ್ರೆಯಲ್ಲಿ ನಿಧಾನವಾಗಿ ಬೇಯುವಾಗ ಆ ಚರ್ಮ ಮೆತ್ತಗಾಗುತ್ತದೆ. ಕಂಬಿಯ ಮೇಲೆ ಅಷ್ಟು ಸಮಯವಿಲ್ಲದ ಕಾರಣ ಚರ್ಮ ರಬ್ಬರಿನಂತೆ ಬಿಗಿದುಕೊಳ್ಳುತ್ತದೆ. ಆದ್ದರಿಂದ ಭುಜದ ಭಾಗವನ್ನು ಕೇಳಿ ತೆಗೆದುಕೊಂಡು, ಚರ್ಮ ಬಿಡಿಸಿ, ಅದರ ಕೆಳಗಿನ ಕೊಬ್ಬನ್ನು ಉಳಿಸಿಕೊಂಡು, ಒಂದಿಂಚಿನ ತುಂಡುಗಳಾಗಿ ಕತ್ತರಿಸಬೇಕು. ಒಂದು ಕಿಲೋ ಮಾಂಸಕ್ಕೆ 15 ಗ್ರಾಂ ಉಪ್ಪು, ಮೂರು ದೊಡ್ಡ ಚಮಚ ಬಫಾತ್ ಪುಡಿ, ಶುಂಠಿ-ಬೆಳ್ಳುಳ್ಳಿ ಅರೆದದ್ದು, ಎರಡು ದೊಡ್ಡ ಚಮಚ ವಿನೆಗರ್ ಹದವಾಗಿರುತ್ತದೆ. ಬಫಾತ್‌ಗೆ ಧಾರಾಳವಾಗಿ ಹಾಕುವ ಈರುಳ್ಳಿಯನ್ನು ಇಲ್ಲಿ ತುರಿದು ಹಿಂಡಿ, ರಸವನ್ನಷ್ಟೇ ಸೇರಿಸಬೇಕು, ಏಕೆಂದರೆ ಈರುಳ್ಳಿಯ ಚೂರುಗಳು ಮಾಂಸಕ್ಕಿಂತ ಮೊದಲೇ ಸುಟ್ಟು ಕಹಿಯಾಗುತ್ತವೆ. ಮಸಾಲೆಯ ಉಪ್ಪು ಗಂಟೆಗಳು ಕಳೆದಂತೆ ಮಾಂಸದೊಳಗೆ ಇಳಿಯುತ್ತದೆ. ಹುಳಿ ಮತ್ತು ಮೆಣಸಿನ ಕೆಲಸ ಹೆಚ್ಚಾಗಿ ಮೇಲ್ಮೈಯಲ್ಲೇ ನಡೆಯುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಸಾಕು. ವಿನೆಗರಿನಲ್ಲಿ ಎರಡು ದಿನ ಬಿಟ್ಟರೆ ಹೊರಪದರ ಹಿಟ್ಟಿನಂತಾಗುತ್ತದೆ. ಬೆಲ್ಲ ಬೇಕೆನ್ನುವವರು ಅದನ್ನು ಕರಗಿಸಿಟ್ಟುಕೊಂಡು ಕೊನೆಯ ಎರಡು ನಿಮಿಷಗಳಲ್ಲಿ ಸವರುವುದು ಒಳಿತು.

ಪೋಣಿಸುವ ಮೊದಲು ಹೆಚ್ಚಿನ ಮಸಾಲೆಯನ್ನು ಬೆರಳಿನಿಂದ ಸವರಿ ತೆಗೆದು, ತುಂಡುಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟರೆ ಬದಿಗಳೂ ಬೇಯುತ್ತವೆ. ಒಲೆಯ ಮೇಲೆ ನಡೆಯುವ ಬದಲಾವಣೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಕೊಬ್ಬಿನ ಬಿಳಿ ಅಂಚು ಗಾಜಿನ ಹಾಗೆ ಪಾರದರ್ಶಕವಾಗುತ್ತದೆ, ಬಳಿಕ ಅಲ್ಲಿ ಸಣ್ಣ ಗುಳ್ಳೆಗಳು ಎದ್ದು, ತೊಟ್ಟು ತೊಟ್ಟಾಗಿ ಕೆಂಡಕ್ಕೆ ಇಳಿಯುತ್ತದೆ. ಆಗ ಏಳುವ ಹೊಗೆ ಲವಂಗ, ಕಾಳುಮೆಣಸಿನ ಘಮದೊಂದಿಗೆ ಮತ್ತೆ ಮಾಂಸಕ್ಕೇ ಹತ್ತುತ್ತದೆ. ಆಳವಿಲ್ಲದ ಒಲೆಯಲ್ಲಿ ಜ್ವಾಲೆಯಾಗುತ್ತಿದ್ದ ಕೊಬ್ಬು ಇಲ್ಲಿ ಬಹುಮಟ್ಟಿಗೆ ಪರಿಮಳವಾಗುತ್ತದೆ. ಮಾಡಿಸಿದ ಹಣ ಸಾರ್ಥಕವಾಯಿತು ಎಂದು ನನಗನ್ನಿಸಿದ್ದು ಇದನ್ನು ಕಂಡಾಗ. ಎರಡು-ಮೂರು ನಿಮಿಷಗಳಿಗೊಮ್ಮೆ ತಿರುಗಿಸುತ್ತಿದ್ದರೆ ಸುಮಾರು ಕಾಲು ಗಂಟೆಯಲ್ಲಿ ತುಂಡುಗಳು ಬೇಯುತ್ತವೆ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡೀ ಮಾಂಸದ ತುಂಡುಗಳಿಗೆ ಒಳಗಿನ ಶಾಖ 63 ಡಿಗ್ರಿ ಸೆಲ್ಸಿಯಸ್ ಮತ್ತು ಮೂರು ನಿಮಿಷದ ವಿರಾಮ ಸಾಕೆಂದು ಹೇಳಿದೆ. ಆದರೂ ಹಂದಿಮಾಂಸದಿಂದ ಲಾಡಿಹುಳು ತಗಲುವ ಭಯ ಪೂರ್ತಿ ಅಳಿಯದ ನಮ್ಮ ದೇಶದಲ್ಲಿ 71 ಡಿಗ್ರಿ ದಾಟಿಸುವುದೇ ಸರಿ. ಭುಜದ ಕೊಬ್ಬು ಚೆನ್ನಾಗಿ ಕರಗಲು ಕೂಡ ಆ ಶಾಖ ನೆರವಾಗುತ್ತದೆ.

ಇನ್ನು ಕೊರತೆಗಳು. ಒಲೆಯ ಜತೆ ಕೊಟ್ಟ ಕಂಬಿಗಳು ದುಂಡಗಿನವು. ಕಂಬಿ ತಿರುಗಿದರೂ ಮಾಂಸ ತಿರುಗದೆ ಭಾರದ ಬದಿಗೇ ಜೋತುಬೀಳುವುದರಿಂದ ಒಂದೇ ಮುಖ ಬೇಯುತ್ತದೆ. ಚಪ್ಪಟೆ ಸ್ಟೀಲ್ ಪಟ್ಟಿಗಳನ್ನು ಬೇರೆಯಾಗಿ ಮಾಡಿಸಿದ ಮೇಲೆ ಈ ತೊಂದರೆ ತೀರಿತು. ಗಾಳಿಯ ತೂತುಗಳಿಗೆ ಮುಚ್ಚಳವಿಲ್ಲದಿರುವುದು ಇದಕ್ಕಿಂತ ದೊಡ್ಡ ಲೋಪ, ಏಕೆಂದರೆ ಉರಿ ತಗ್ಗಿಸಲು ಕೆಂಡವನ್ನು ಕೆದಕುವುದಲ್ಲದೆ ಬೇರೆ ದಾರಿ ಉಳಿಯುವುದಿಲ್ಲ. ತೂಕ 20 ಕಿಲೋ ಮುಟ್ಟುವುದರಿಂದ ಎತ್ತಲು ಇಬ್ಬರು ಬೇಕು. ಫ್ಲ್ಯಾಟುಗಳಲ್ಲಿರುವವರು ಇದನ್ನು ಮುಚ್ಚಿದ ಬಾಲ್ಕನಿಯಲ್ಲಿ ಉರಿಸಲೇಬಾರದು. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯಬಲ್ಲದು. ಬೂದಿ ತೇವ ಹೀರಿ ತಗಡನ್ನು ತಿನ್ನುವುದರಿಂದ ಪ್ರತಿ ಬಳಕೆಯ ನಂತರ ಅದನ್ನು ಪೂರ್ತಿ ತೆಗೆಯಬೇಕು, ಮಳೆಗಾಲಕ್ಕೆ ಮುಂಚೆ ಎಣ್ಣೆ ಸವರಿ ಒಳಗಿಡಬೇಕು.

ಇಷ್ಟಿದ್ದರೂ, ಅಂಗಳ ಅಥವಾ ತೆರೆದ ತಾರಸಿ ಇರುವವರಿಗೆ ಮಡಚುವ ಗ್ರಿಲ್ಲಿನ ಬದಲು ಇಂಥದ್ದನ್ನೇ ಮಾಡಿಸಿಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ಅಳತೆ ಕೊಡುವಾಗಲೇ ಚಪ್ಪಟೆ ಕಂಬಿ ಮತ್ತು ಸರಿಸುವ ಗಾಳಿಮುಚ್ಚಳವನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿ, ಕ್ರಿಸ್ಮಸ್‌ಗೆ ಬೇಕಾದರೆ ನವೆಂಬರ್ ಆರಂಭದಲ್ಲೇ ಹೇಳಿಟ್ಟುಬಿಡಿ.