ಅಪ್ಪ-ಮಕ್ಕಳ ವ್ಯಾಯಾಮ ತರಗತಿ: ಉಡುಪಿಯಲ್ಲಿ ನಾಲ್ಕು ತಿಂಗಳ ಅನುಭವ

ಉಡುಪಿ ನಗರದ ಒಂದು ವ್ಯಾಯಾಮ ಶಾಲೆಯಲ್ಲಿ ಶನಿವಾರ ಸಂಜೆ ಮತ್ತು ಆದಿತ್ಯವಾರ ಬೆಳಿಗ್ಗೆ ತಂದೆ ಮತ್ತು ಮಗು ಜೊತೆಯಾಗಿ ಭಾಗವಹಿಸುವ ಒಂದೂಕಾಲು ಗಂಟೆಯ ತರಗತಿ ನಡೆಯುತ್ತದೆ. ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಆಗಸ್ಟ್‌ನಿಂದ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಇಬ್ಬರಿಗೂ ಸೇರಿ ತಿಂಗಳಿಗೆ 1,800 ರೂಪಾಯಿ ಶುಲ್ಕ. ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇಂಥ ತರಗತಿಯನ್ನು ಹುಡುಕುತ್ತಿರುವ ತಂದೆಯಂದಿರು ಏನನ್ನು ಗಮನಿಸಬೇಕು ಎಂಬುದಕ್ಕೆ ಈ ಬರಹ ನೆರವಾದರೆ ಸಾಕು.

ಇದಕ್ಕೆ ಮೊದಲು ಎರಡು ವರ್ಷ ನಾನು ಬೇರೊಂದು ಜಿಮ್‌ಗೆ ಬೆಳಗಿನ ಐದೂವರೆಗೆ ಒಬ್ಬನೇ ಹೋಗುತ್ತಿದ್ದೆ. ಮಗಳು ಏಳುವ ಹೊತ್ತಿಗೆ ಸ್ನಾನ ಮುಗಿಸಿ ಬ್ಯಾಂಕಿಗೆ ಹೊರಡಲು ಸಿದ್ಧನಾಗಿರುತ್ತಿದ್ದೆ. ಒಂದು ದಿನ ನನ್ನ ನೀಲಿ ಚೀಲದಲ್ಲಿ ಬೂಟು ಮತ್ತು ಬೈರಾಸನ್ನು ಕಂಡು, ಬ್ಯಾಂಕಿನಲ್ಲಿ ಇದೆಲ್ಲ ಯಾಕೆ ಬೇಕು ಎಂದು ಅವಳು ಕೇಳಿದಳು. ಅಷ್ಟು ಕಾಲವೂ ಅದನ್ನು ಕಚೇರಿಯ ಚೀಲವೆಂದೇ ಅವಳು ತಿಳಿದಿದ್ದಳು. ಅವಳ ಕಣ್ಣಿಗೆ ಬೀಳುತ್ತಿದ್ದ ಅಪ್ಪ ಎಂದರೆ ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಕುಳಿತವನು ಮಾತ್ರ. ಆಟಕ್ಕೆ ಹೋಗೆಂದು ನಾನು ಎಷ್ಟು ಹೇಳಿದರೂ ಅವಳು ಕದಲುತ್ತಿರಲಿಲ್ಲ ಎಂಬುದರಲ್ಲಿ ಈಗ ನನಗೆ ಆಶ್ಚರ್ಯ ಕಾಣುವುದಿಲ್ಲ.

ತಂದೆಯ ಅಭ್ಯಾಸ ಮಕ್ಕಳಿಗೆ ಹರಿದುಬರುವ ಬಗ್ಗೆ ಸಂಶೋಧಕರು ಬಹಳ ಹಿಂದೆಯೇ ಕೆಲಸ ಮಾಡಿದ್ದಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನಲ್ಲಿ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೂ ಅವರ ತಂದೆತಾಯಿಗೂ ಚಲನೆ ಅಳೆಯುವ ಉಪಕರಣವನ್ನು ಕಟ್ಟಿ ನಡೆಸಿದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಚಟುವಟಿಕೆಯಿಂದಿರುವ ತಂದೆಯ ಮಕ್ಕಳು ತಾವೂ ಚಟುವಟಿಕೆಯಿಂದಿರುವ ಸಾಧ್ಯತೆ, ಹಾಗಿಲ್ಲದ ತಂದೆಯ ಮಕ್ಕಳಿಗೆ ಹೋಲಿಸಿದರೆ 3.5 ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ತಂದೆ ತಾಯಿ ಇಬ್ಬರೂ ಹಾಗಿದ್ದರೆ ಅದು 5.8 ಪಟ್ಟು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಸ್ಥೂಲಕಾಯದ ತಂದೆಯಂದಿರಿಗಾಗಿಯೇ ಎಂಟು ತರಗತಿಗಳ ಕಾರ್ಯಕ್ರಮ ನಡೆಸಿ, ಅದರಲ್ಲಿ ಮೂರಕ್ಕೆ ಮಕ್ಕಳನ್ನೂ ಕರೆಸಿಕೊಂಡಿದ್ದರು. 2011ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಆರು ತಿಂಗಳಲ್ಲಿ ತಂದೆಯಂದಿರ ತೂಕ ಸರಾಸರಿ 7.6 ಕಿಲೋ ಇಳಿದಿತ್ತು, ಮಕ್ಕಳ ಓಡಾಟವೂ ಹೆಚ್ಚಿತ್ತು. ನಮ್ಮ ಊರಿನ ಈ ತರಗತಿಯನ್ನು ನಾನು ಅಳೆಯುವುದು ಇದೇ ದೃಷ್ಟಿಯಿಂದ: ಮಗು ಅಪ್ಪನನ್ನು ಎಷ್ಟು ಹತ್ತಿರದಿಂದ ನೋಡುತ್ತದೆ?

ಆ ವಿಷಯದಲ್ಲಿ ಇಲ್ಲಿಯ ಏರ್ಪಾಡು ಬಹಳ ಚೆನ್ನಾಗಿದೆ. ಮಕ್ಕಳಿಗೆ ಯಂತ್ರಗಳನ್ನು ಮುಟ್ಟಲು ಬಿಡುವುದಿಲ್ಲ. ಬಸ್ಕಿ, ದಂಡ, ಹಗ್ಗದಾಟ, ಚೆಂಡು ಎಸೆತ, ಕೊನೆಯ ಹದಿನೈದು ನಿಮಿಷ ಅಂಗಳದಲ್ಲಿ ಲಗೋರಿ, ಎಲ್ಲವೂ ಜೋಡಿಯಾಗಿಯೇ ನಡೆಯಬೇಕು. ಅಪ್ಪ ಬಸ್ಕಿ ಹೊಡೆಯುವಾಗ ಮಗು ಎದುರು ನಿಂತು ಎಣಿಸುತ್ತದೆ, ಅನಂತರ ಎಣಿಸುವುದು ಅಪ್ಪನ ಸರದಿ. ಮೊದಲ ವಾರ ಹನ್ನೆರಡನೆಯದಕ್ಕೆ ನನ್ನ ತೊಡೆ ನಡುಗಿ ನಾನು ಮೊಣಕಾಲಿಗೆ ಕೈ ಊರಿ ನಿಂತಾಗ, ಮಗಳು ಮಡಚಿದ ಬೆರಳುಗಳನ್ನು ಬಿಡದೆ, "ಅಪ್ಪ, ಹನ್ನೆರಡಾಯ್ತು, ಇನ್ನು ಮೂರು ಉಂಟು" ಎಂದಳು. ಆ ಮೂರನ್ನೂ ಮುಗಿಸಿದೆ. ತನ್ನ ಸರದಿಯಲ್ಲಿ ಅವಳು ಹದಿನೈದಕ್ಕೆ ನಿಲ್ಲಿಸದೆ ಹದಿನಾರು ಹೊಡೆದಳು. ಗೋಡೆಯ ಮೇಲೆ ಕುಂದಾಪುರ ಕಡೆಯವರಾದ, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದ ಭಾರ ಎತ್ತುವ ಕ್ರೀಡಾಪಟು ಗುರುರಾಜ ಪೂಜಾರಿಯವರ ಚಿತ್ರವಿದೆ. ಮಕ್ಕಳು ಅದರ ಕೆಳಗೆ ನಿಂತು ಎರಡೂ ಕೈ ಮೇಲೆತ್ತುವುದನ್ನು ನೋಡುವುದೇ ಒಂದು ಸಂತೋಷ.

ತರಬೇತಿ ಕೊಡುವ ಮಾಸ್ಟ್ರು ಲೆಕ್ಕವನ್ನು ಮರೆಮಾಚುವುದಿಲ್ಲ ಎಂಬುದು ನನಗೆ ಹಿಡಿಸಿದ ಇನ್ನೊಂದು ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಹೇಳುತ್ತದೆ, 5ರಿಂದ 17 ವರ್ಷದ ಮಕ್ಕಳಿಗಾದರೆ ದಿನಕ್ಕೆ ಸರಾಸರಿ 60 ನಿಮಿಷ. ಎರಡು ತರಗತಿ ಸೇರಿದರೆ 150 ನಿಮಿಷವಾಗುತ್ತದೆ, ಆದರೆ ಮಗುವಿಗೆ ವಾರಕ್ಕೆ ಬೇಕಾದದ್ದು 420. ಉಳಿದದ್ದನ್ನು ಮನೆಯಲ್ಲೇ ತುಂಬಿಸಬೇಕು ಎಂದು ಮೊದಲ ದಿನವೇ ಹೇಳಿ, ಪ್ರತಿ ಜೋಡಿಗೂ ಒಂದು ಪುಸ್ತಕ ಕೊಡುತ್ತಾರೆ. ಅದನ್ನು ಬರೆಯಬೇಕಾದದ್ದು ಮಗು. ಸೋಮವಾರ ಸಂಜೆ ನಡೆಯಲು ಹೋಗದಿದ್ದರೆ ಆ ಸಾಲು ಖಾಲಿ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಮಗಳು ನನ್ನ ಚಪ್ಪಲಿಯನ್ನು ತಂದು ಬಾಗಿಲಲ್ಲಿ ಇಡುತ್ತಾಳೆ.

ಇನ್ನು ಕೊರತೆಗಳು. ಮೊದಲ ತಿಂಗಳು ಮಕ್ಕಳನ್ನು ಎಲ್ಲರೆದುರು ತೂಗಿ, ತೂಕವನ್ನು ಹಲಗೆಯ ಮೇಲೆ ಹೆಸರಿನ ಮುಂದೆ ಬರೆದರು. ಹತ್ತು ವರ್ಷದ ಹುಡುಗನೊಬ್ಬ ಮುಂದಿನ ವಾರ ಬರಲಿಲ್ಲ. ಅವನ ಹೆಸರು ಮಾತ್ರ ಹಲಗೆಯ ಮೇಲಿತ್ತು. ಇದು ತೀರಾ ತಪ್ಪು ಎಂದು ನಾವು ಐದಾರು ಮಂದಿ ಹೇಳಿದ ಮೇಲೆ ಅಳಿಸಿದರು, ಈಗ ತೂಗುವುದನ್ನೇ ಬಿಟ್ಟಿದ್ದಾರೆ. ಅಪ್ಪ ಇಲ್ಲದ ಮಗುವೊಂದನ್ನು ಸೋದರಮಾವ ಕರೆತಂದಾಗ ಕಚೇರಿಯಲ್ಲಿ ಮೊದಲು ಸೇರಿಸಿಕೊಳ್ಳಲು ಒಪ್ಪಲಿಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ನಾಡಾದ ತುಳುನಾಡಿನಲ್ಲಿ ಸೋದರಮಾವನಿಗೆ ಇರುವ ಸ್ಥಾನವನ್ನು ಯಾರಾದರೂ ನೆನಪಿಸಬೇಕೇ? ಎರಡು ವಾರ ಅಲೆದಾಡಿಸಿ ಕೊನೆಗೆ ಒಪ್ಪಿದರು. ಪ್ರತಿ ತಿಂಗಳೂ ಶುಲ್ಕ ಕಟ್ಟುವಾಗ ಪ್ರೋಟೀನ್ ಪುಡಿಯ ಡಬ್ಬಿಯನ್ನು ಮುಂದಿಡುವುದು ಮಾತ್ರ ಇನ್ನೂ ನಿಂತಿಲ್ಲ, ಅದೂ ಮಕ್ಕಳ ಎದುರಿಗೇ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮಾಸ್ಟ್ರ ಮಾತು ಕೇಳಿಸುವುದಿಲ್ಲ, ನೆಲಹಾಸು ಒದ್ದೆಯಾಗಿ ಜಾರುತ್ತದೆ. ಆಗಸ್ಟ್‌ನಲ್ಲಿ ಮೂರು ತರಗತಿಗಳು ಹೀಗೇ ಹಾಳಾದವು.

ತರಗತಿ ಮುಗಿದ ಮೇಲಿನ ಹತ್ತು ನಿಮಿಷದ ಬಗ್ಗೆಯೂ ಹೇಳಬೇಕು. ಗೇಟಿನ ಎದುರಿನ ಹೋಟೆಲಿನಿಂದ ಬಿಸಿ ಗೋಳಿಬಜೆಯ ಪರಿಮಳ ಬರುತ್ತದೆ, ತಂದೆಯಂದಿರು ಗುಂಪಾಗಿ ಅಲ್ಲಿಗೆ ನಡೆಯುತ್ತಾರೆ, ಮಕ್ಕಳು ಹಿಂದೆಯೇ. ನಾನೂ ಒಂದು ತಿಂಗಳು ಹೋದೆ. ಬೆವರಿದ ಕೂಡಲೇ ಕರಿದದ್ದನ್ನು ತಿನ್ನಬೇಕು ಎಂಬುದನ್ನೂ ಮಕ್ಕಳು ಅಪ್ಪನಿಂದಲೇ ಕಲಿಯುತ್ತಾರೆ ಎಂದು ಹೊಳೆದ ಮೇಲೆ ಮನೆಯಿಂದ ಕದಳಿ ಬಾಳೆಹಣ್ಣು ಒಯ್ಯುತ್ತೇವೆ. ವ್ಯಾಯಾಮ ಶಾಲೆಯವರೇ ಎಳನೀರು ಅಥವಾ ಹಣ್ಣಿನ ಏರ್ಪಾಡು ಮಾಡಿದರೆ ಪುಡಿ ಮಾರುವುದಕ್ಕಿಂತ ದೊಡ್ಡ ಉಪಕಾರವಾದೀತು.

ಭಾರತೀಯ ಪುರುಷರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದು ಎನ್ನುತ್ತಾರೆ. ನನ್ನದು 98 ಇದ್ದದ್ದು 94ಕ್ಕೆ ಬಂದಿದೆ. ಮಗಳ ಮಟ್ಟಿಗೆ ನಾನು ಅಳೆಯಲು ಹೋಗಿಲ್ಲ. ಮೊದಲು ಶಾಲೆಯ ಎರಡನೆಯ ಮಹಡಿ ಹತ್ತುವಾಗ ಏದುಸಿರು ಬಿಡುತ್ತಿದ್ದವಳು ಈಗ ಓಡಿಯೇ ಹತ್ತುತ್ತಾಳೆ ಎಂದು ಅವಳ ಟೀಚರ್ ಹೇಳಿದರು. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಈ ತರಗತಿ ದೀರ್ಘವೆನಿಸುತ್ತದೆ, ಆರರಿಂದ ಹನ್ನೆರಡರವರಿಗೆ ಸರಿಯಾಗಿದೆ. ಮುಂದಿನ ಮಳೆಗಾಲದೊಳಗೆ ಮಾಡನ್ನು ಸರಿಪಡಿಸುವ ಮಾತು ಕೊಟ್ಟಿದ್ದಾರೆ. ಸದ್ಯಕ್ಕೆ ಮೇ ತಿಂಗಳವರೆಗಿನ ಶುಲ್ಕವನ್ನು ಕಟ್ಟಿದ್ದೇನೆ. ಜೂನ್‌ನಲ್ಲಿ ನೆಲಹಾಸನ್ನು ಮುಟ್ಟಿ ನೋಡಿ ಮುಂದಿನದನ್ನು ಕಟ್ಟುತ್ತೇನೆ.