ವಿಜಯಪುರದ ನಮ್ಮ ಮನೆಗೆ ಸೌರ ವಿನ್ಯಾಸ: ಒಂದು ತಂಡದ ಸೇವೆಯ ಕುರಿತು

ವಿಜಯಪುರದಲ್ಲಿ ಮನೆ ಕಟ್ಟಿಸಲು ಹೊರಟಾಗ ನಾವು ಆಯ್ದುಕೊಂಡದ್ದು ವಾಸ್ತುಶಿಲ್ಪಿ, ಸೋಲಾರ್ ಎಂಜಿನಿಯರ್ ಹಾಗೂ ಮೇಸ್ತ್ರಿ ಒಟ್ಟಿಗೆ ಕುಳಿತು ನಕ್ಷೆ ಸಿದ್ಧಪಡಿಸುವ ಸ್ಥಳೀಯ ತಂಡವೊಂದನ್ನು. ಮೊದಲ ಸಭೆಯಲ್ಲೇ ಅವರು ಖರ್ಚು, ತಂಪು, ಬೆಳಕು, ವಿದ್ಯುತ್ ಉತ್ಪಾದನೆ ಎಂಬ ಮಾನದಂಡಗಳನ್ನು ದೊಡ್ಡ ಹಾಳೆಯ ಮೇಲೆ ಬರೆದು, ಯಾವುದಕ್ಕೆ ಎಷ್ಟು ತೂಕವೆಂದು ಮನೆಯವರೆಲ್ಲರಿಂದ ಅಂಕ ಹಾಕಿಸಿದರು. ನಮ್ಮ ತಾಯಿ ತಂಪಿಗೆ ಹತ್ತಕ್ಕೆ ಹತ್ತು ಕೊಟ್ಟರು. 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯನ್ನು ಬಲ್ಲವರಿಗೆ ಕಾರಣ ಹೇಳಬೇಕಿಲ್ಲ.

ನಿಜವಾದ ಜಗ್ಗಾಟ ನಡೆದದ್ದು ಮಾಳಿಗೆಯ ವಿಷಯದಲ್ಲಿ. 3 ಕಿಲೋವ್ಯಾಟ್ ಸೌರ ಫಲಕಗಳಿಗೆ ನೆರಳು ಬೀಳದ ಸುಮಾರು 300 ಚದರ ಅಡಿ ಬೇಕು, ಅವು ದಕ್ಷಿಣಕ್ಕೆ ಮುಖಮಾಡಿ ಇಲ್ಲಿನ ಅಕ್ಷಾಂಶಕ್ಕೆ ಹೊಂದುವಂತೆ ಸುಮಾರು 17 ಡಿಗ್ರಿ ಬಾಗಿರಬೇಕು. ನಮಗೋ ಬೇಸಿಗೆಯ ರಾತ್ರಿ ಮಲಗಲು ಅದೇ ಜಾಗ ಬೇಕಿತ್ತು. ಮೂರು ಸಭೆಗಳ ನಂತರ ಫಲಕಗಳನ್ನು ಎಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಲು ಒಪ್ಪಿದೆವು. ಖರ್ಚು ಹೆಚ್ಚಾಯಿತಾದರೂ, ಬಿಸಿಯಾದಷ್ಟೂ ಉತ್ಪಾದನೆ ಕುಗ್ಗುವ ಫಲಕಗಳ ಕೆಳಗೆ ಗಾಳಿಯಾಡುತ್ತದೆ, ಅವುಗಳ ನೆರಳಿನಿಂದ ಚಾವಣಿಯೂ ಅಷ್ಟು ಬಿಸಿಯಾಗುವುದಿಲ್ಲ. ಸಂಜೆಯ ಬಿಸಿಲು ಒಳಗೆ ಬರುತ್ತದೆಂದು ತಂಡದವರು ಬೇಡವೆಂದ ಪಶ್ಚಿಮದ ದೊಡ್ಡ ಕಿಟಕಿಯನ್ನು ಮಾತ್ರ ನಾನು ಮನಸ್ಸಿಲ್ಲದೆಯೇ ಬಿಟ್ಟುಕೊಟ್ಟೆ, ಈಗ ಮಧ್ಯಾಹ್ನ ಆ ಗೋಡೆಯನ್ನು ಮುಟ್ಟಿ ನೋಡಿದಾಗ ಅವರ ಹಟ ಸರಿಯೆನಿಸುತ್ತದೆ.

ಮನೆಯ ಮಾಳಿಗೆಯ ಸೌರ ಫಲಕಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಹಾಯಧನದ ಅರ್ಜಿಯನ್ನೂ ಅವರೇ ತುಂಬಿಸಿದರು. ಒಂದು ಕೊರತೆಯೆಂದರೆ, ಫಲಕಗಳ ಧೂಳು ತೊಳೆಯಲು ಮಾಳಿಗೆಗೆ ನಲ್ಲಿ ಬೇಕೆಂಬುದು ಆ ಹಾಳೆಯಲ್ಲಿ ಇರಲೇ ಇಲ್ಲ. ಗೃಹಪ್ರವೇಶವಾದ ಮೇಲೆ ಗೋಡೆ ಕೊರೆದು ಪೈಪು ಹಾಕಿಸಬೇಕಾಯಿತು.