ಹಳೆಯ ಲಿನಕ್ಸ್ ಕರ್ನಲ್‌ನಲ್ಲಿ ತಡವಾಗುವ ಡಿಸ್ಕ್ ರೈಟ್: ಯಾವ ಉಪಾಯ ಎಷ್ಟು ಫಲಿಸಿತು

ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ತೂಕದ ಚೀಟಿ ಮತ್ತು ಬಿಲ್ಲುಗಳ ಲೆಕ್ಕವಿಡುವ ಸರ್ವರ್ ಇಂದಿಗೂ ಸೆಂಟ್‌ಓಎಸ್ 6 ಎಂಬ ಲಿನಕ್ಸ್ ಆವೃತ್ತಿಯ 2.6.32 ಕರ್ನಲ್‌ನ (ವ್ಯವಸ್ಥೆಯ ತಿರುಳು) ಮೇಲೆ ನಡೆಯುತ್ತಿದೆ. 2020ರ ನವೆಂಬರ್‌ನಲ್ಲೇ ಅದರ ಬೆಂಬಲ ನಿಂತಿದ್ದರೂ, ಬಿಲ್ಲಿಂಗ್ ತಂತ್ರಾಂಶ ಹೊಸ ವ್ಯವಸ್ಥೆಗೆ ಹೊಂದದ ಕಾರಣ ಅದನ್ನೇ ಸಂಭಾಳಿಸಬೇಕಾಗಿದೆ. ಬ್ಯಾಕಪ್ ಶುರುವಾದೊಡನೆ ಚೀಟಿ ಸೇವ್ ಆಗುವುದು ನಿಂತುಬಿಡುತ್ತಿತ್ತು. ಆಗ ವಿಎಂಸ್ಟಾಟ್ ಆದೇಶ ತೋರಿಸುವ ‘ಬಿ’ ಕಾಲಂ (ಕಾಯುತ್ತ ನಿಂತ ಪ್ರೋಗ್ರಾಂಗಳ ಸಂಖ್ಯೆ) ಏರುತ್ತಿತ್ತು, ಮೆಮೊರಿಯ ವಿವರ ಕೊಡುವ ಮೆಮ್‌ಇನ್ಫೋದಲ್ಲಿ ‘ಡರ್ಟಿ’ (ಡಿಸ್ಕಿಗೆ ಇನ್ನೂ ಬರೆಯದ ದತ್ತಾಂಶ) ಮೊತ್ತ ಬೆಳೆಯುತ್ತಿತ್ತು, ಪ್ರೊಸೆಸರ್ ಮಾತ್ರ ಬಿಡುವಾಗಿಯೇ ಇರುತ್ತಿತ್ತು.

ಮೊದಲಿಗೆ, ಡಿಸ್ಕಿನ ಕೋರಿಕೆಗಳ ಸರದಿ ನಿರ್ಧರಿಸುವ ಶೆಡ್ಯೂಲರ್ ಅನ್ನು ಸಿಎಫ್‌ಕ್ಯೂನಿಂದ ಡೆಡ್‌ಲೈನ್‌ಗೆ ಬದಲಿಸಿದೆ. ಮಷೀನು ನಿಲ್ಲಿಸದೆಯೇ ಮಾಡಬಹುದಾದ ಕೆಲಸವಿದು. ಹಳೆಯ ಚೀಟಿ ತೆರೆಯುವುದು ಚುರುಕಾಯಿತು, ಸೇವ್ ಮಾಡುವಾಗಿನ ತಡೆ ಹಾಗೆಯೇ ಉಳಿಯಿತು.

ಎರಡನೆಯದು ಡರ್ಟಿ ಮಿತಿ. ರೂಢಿಯಂತೆ ಲಭ್ಯ ಮೆಮೊರಿಯ ಶೇ. 10ರಷ್ಟು ಇಂಥ ದತ್ತಾಂಶದಿಂದ ತುಂಬಿದಾಗ ಹಿನ್ನೆಲೆಯಲ್ಲಿ ಬರೆಯುವಿಕೆ ಆರಂಭವಾಗುತ್ತದೆ, ಶೇ. 20 ದಾಟಿದರೆ ಬರೆಯುವ ಪ್ರೋಗ್ರಾಂ ಅನ್ನೇ ತಡೆಯಲಾಗುತ್ತದೆ. ಮೆಮೊರಿ ದೊಡ್ಡದಾಗಿ ಡಿಸ್ಕ್ ನಿಧಾನದ್ದಾದರೆ ಈ ಶೇಕಡಾವಾರು ಲೆಕ್ಕವೇ ತೊಡಕು. ಅದರ ಬದಲು ಡರ್ಟಿ ಬೈಟ್ಸ್ ಎಂಬ ನೇರ ಮಿತಿಯನ್ನು 2.6.29ರಿಂದಲೇ ಕೊಡಬಹುದಾಗಿದ್ದು, ಅದನ್ನು ಕೊಟ್ಟೊಡನೆ ಶೇಕಡಾ ಮಿತಿ ತಾನಾಗಿ ಸೊನ್ನೆಯಾಗುತ್ತದೆ. ಹಿನ್ನೆಲೆಗೆ 64 ಎಂಬಿ, ಒಟ್ಟು ಮಿತಿಗೆ 256 ಎಂಬಿ ಇಟ್ಟ ಮೇಲೆ ದೀರ್ಘ ಸ್ತಬ್ಧತೆಗಳು ಚಿಕ್ಕದಾದವು, ಆದರೆ ಹೋಗಲಿಲ್ಲ. ಬ್ಯಾಕಪ್ ಮುಗಿಯುವುದಕ್ಕೂ ಹೆಚ್ಚು ಹೊತ್ತು ಹಿಡಿಯಿತು.

ಮೂಲ ಕಾರಣವಿದ್ದದ್ದು ಡಿಸ್ಕಿನ ಕಡತ ವ್ಯವಸ್ಥೆಯಾದ ಎಕ್ಸ್‌ಟಿ3ಯಲ್ಲಿ. ಅದರ ಆರ್ಡರ್ಡ್ ಕ್ರಮದಲ್ಲಿ ಒಂದು ಕಡತಕ್ಕೆ ಎಫ್‌ಸಿಂಕ್ (ಈಗಲೇ ಡಿಸ್ಕಿಗೆ ಬರೆ ಎಂಬ ಆದೇಶ) ಕೇಳಿದರೂ ಜರ್ನಲ್ (ಬದಲಾವಣೆಗಳ ದಾಖಲೆ ಪುಸ್ತಕ) ಕಮಿಟ್ ಆಗುವ ಮುನ್ನ ಅದೇ ವಹಿವಾಟಿಗೆ ಸೇರಿದ ಇತರ ಕಡತಗಳ ದತ್ತಾಂಶವೂ ಡಿಸ್ಕ್ ಸೇರಲೇಬೇಕು. ಒಂದು ಚೀಲದ ಚೀಟಿಗಾಗಿ ಮುಂದೆ ನಿಂತ ಲಾರಿಗಳೆಲ್ಲ ಖಾಲಿಯಾಗುವವರೆಗೆ ಕಾಯ್ದಂತೆ. ದತ್ತಾಂಶಕ್ಕಾಗಿ ಜರ್ನಲ್ ಕಾಯದ ರೈಟ್‌ಬ್ಯಾಕ್ ಕ್ರಮಕ್ಕೆ ಬದಲಿಸಿದಾಗ ಈ ಕಾಯುವಿಕೆ ಬಹುಮಟ್ಟಿಗೆ ತಪ್ಪಿತು. ಆದರೆ ವಿದ್ಯುತ್ ಹಠಾತ್ತನೆ ಹೋದರೆ ಹೊಸ ಕಡತದೊಳಗೆ ಡಿಸ್ಕಿನ ಹಳೆಯ ಕಸ ಕಾಣಿಸಿಕೊಳ್ಳುವ ಅಪಾಯ ಅದಕ್ಕಿದೆ. ಕರೆಂಟಿನ ಭರವಸೆಯಿಲ್ಲದ ನಮ್ಮ ಕಡೆ, ಹಣದ ಲೆಕ್ಕವಿರುವ ಮಷೀನಿಗೆ ಇದನ್ನು ನಾನು ಒಪ್ಪಲಾರೆ. ಡಿಸ್ಕಿಗೆ ಬರೆಯುವ ಕ್ರಮ ತಪ್ಪದಂತೆ ಕಾಯುವ ಬ್ಯಾರಿಯರ್ ತೆಗೆದುಹಾಕುವ ಸಲಹೆಯನ್ನಂತೂ ಇದೇ ಕಾರಣಕ್ಕೆ ಪರೀಕ್ಷಿಸಲೇ ಇಲ್ಲ.

ಕೊನೆಗೆ ಅದೇ ಕರ್ನಲ್ ಉಳಿಸಿಕೊಂಡು ದತ್ತಾಂಶದ ಪಾರ್ಟಿಷನ್ ಅನ್ನು ಎಕ್ಸ್‌ಟಿ3ರ ನಂತರದ ಎಕ್ಸ್‌ಟಿ4ಕ್ಕೆ ಫಾರ್ಮ್ಯಾಟ್ ಮಾಡಿ ಕಡತಗಳನ್ನು ಮರಳಿ ತುಂಬಿದೆ. ಹಳೆಯ ಪಾರ್ಟಿಷನ್ ಅನ್ನೇ ಪರಿವರ್ತಿಸಲು ಬರುತ್ತದೆ, ಆದರೆ ಹಳೆಯ ಕಡತಗಳು ಹಳೆಯ ಬ್ಲಾಕ್ (ಡಿಸ್ಕಿನ ಜಾಗದ ತುಂಡು) ನಕ್ಷೆಯಲ್ಲೇ ಉಳಿಯುತ್ತವೆ. ಎಕ್ಸ್‌ಟಿ4 ಬ್ಲಾಕುಗಳನ್ನು ತಡವಾಗಿ ಹಂಚುವುದರಿಂದ, ಇನ್ನೂ ಜಾಗ ಸಿಗದ ಬ್ಯಾಕಪ್ ದತ್ತಾಂಶಕ್ಕಾಗಿ ಚೀಟಿಯ ಎಫ್‌ಸಿಂಕ್ ಕಾಯಬೇಕಾಗಿಲ್ಲ. ಒಂದು ರಜಾದಿನದ ಕೆಲಸ ಹಿಡಿದರೂ ನಾಲ್ಕರಲ್ಲಿ ನಾನು ಆರಿಸುವುದು ಇದನ್ನೇ. ಇದರ ಜೊತೆಗೆ ಡರ್ಟಿ ಮಿತಿಗಳನ್ನು ಕರ್ನಲ್ ಸೆಟ್ಟಿಂಗುಗಳ ಸಿಸ್‌ಸಿಟಿಎಲ್ ಕಡತದಲ್ಲಿ, ಡೆಡ್‌ಲೈನ್ ಅನ್ನು ಮಷೀನು ಶುರುವಾಗುವಾಗ ಕರ್ನಲ್ ಎಬ್ಬಿಸುವ ಗ್ರಬ್‌ನ ಕರ್ನಲ್ ಸಾಲಿನಲ್ಲಿ ಬರೆದಿಟ್ಟಿದ್ದೇನೆ. ಇಲ್ಲದಿದ್ದರೆ ರೀಬೂಟ್ ಆದೊಡನೆ ಎರಡೂ ಮೊದಲಿನ ಸ್ಥಿತಿಗೆ ಮರಳುತ್ತವೆ.